ಕಡಿಮೆ ಸಾಮಾನಿನ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾಮಾನು ಕಡಿಮೆ ಮಾಡಿಕೊಂಡು ಬದುಕಲು ಶುರು ಮಾಡಿ ಹನ್ನೊಂದು ವರ್ಷವಾಯಿತು. ಮನೆಗೆ ಬಂದವರು, ಜೊತೆ ಕೆಲಸ ಮಾಡುವವರು, ನೆಂಟರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಕೂತು ಮಾತಾಡಬೇಕು.

ಕಡಿಮೆ ಅಂದರೆ ಎಷ್ಟು ಕಡಿಮೆ?

ಲೆಕ್ಕ ಅಂತ ಏನೂ ಇಲ್ಲ. ನೂರೇ ವಸ್ತು ಇರಬೇಕು, ಐವತ್ತೇ ಇರಬೇಕು ಅಂತ ಎಣಿಸುವವರಿದ್ದಾರೆ. ನನಗೆ ಅದು ಒಗ್ಗಲಿಲ್ಲ. ಬಡಗಿಯ ಹತ್ತಿರ ಉಳಿಗಳೇ ಇಪ್ಪತ್ತು ಇರಬಹುದು. ಇಪ್ಪತ್ತೂ ಅವನ ಕೈಯಲ್ಲಿ ಸವೆಯುತ್ತಿದ್ದರೆ ಒಂದೂ ಜಾಸ್ತಿಯಲ್ಲ. ನನ್ನ ಮನೆಯಲ್ಲಿ ಒಂದೇ ಉಳಿ ಇದ್ದು, ಅದು ತುಕ್ಕು ಹಿಡಿದು ಕೂತಿದ್ದರೆ ಅದೇ ಜಾಸ್ತಿ.

ನನ್ನ ಅಳತೆ ಇಷ್ಟೇ. ಈ ವಸ್ತುವನ್ನು ಒರೆಸಿ, ರಿಪೇರಿ ಮಾಡಿಸಿ, ಜಾಗ ಕೊಟ್ಟು ನೋಡಿಕೊಳ್ಳಲು ನಾನು ತಯಾರಿದ್ದೇನಾ? ಹೌದು ಅಂದರೆ ಇರಲಿ. ಇಲ್ಲ ಅಂದರೆ ಅದನ್ನು ನೋಡಿಕೊಳ್ಳುವ ಬೇರೆ ಯಾರಾದರೂ ಇದ್ದೇ ಇರುತ್ತಾರೆ.

ಇದು ಬಡತನಕ್ಕೆ ಚೆಂದದ ಹೆಸರು ಕೊಟ್ಟ ಹಾಗಾಗಲ್ವಾ?

ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಬೇಕಾದ್ದು ಸಿಗದೆ ಇರುವುದು ಬೇರೆ, ಸಿಗುವುದನ್ನು ಬೇಡ ಅನ್ನುವುದು ಬೇರೆ. ಮೊದಲನೆಯದು ಕಷ್ಟ. ಅದನ್ನು ಸರಳತೆ ಅಂತ ಹೊಗಳುವ ಹಕ್ಕು ಯಾರಿಗೂ ಇಲ್ಲ.

1936ರಲ್ಲಿ ಅಮೆರಿಕದ ರಿಚರ್ಡ್ ಗ್ರೆಗ್ ಈ ಬಗ್ಗೆ ಬರೆದಾಗ ಆರಿಸಿಕೊಂಡ ಹೆಸರಿನಲ್ಲೇ ಈ ಮಾತು ಇತ್ತು. ತಾನಾಗಿ ಒಪ್ಪಿಕೊಂಡ ಸರಳತೆ ಅಂತ ಅವರು ಕರೆದರು. ಯಾರೋ ಹೇರಿದ್ದಲ್ಲ, ತಾನಾಗಿ ಒಪ್ಪಿಕೊಂಡದ್ದು.

ಇನ್ನೊಂದು ಮಾತು. 'ಈಗ ಕೊಟ್ಟುಬಿಡಿ, ಬೇಕಾದರೆ ಮತ್ತೆ ಕೊಂಡರಾಯಿತು' ಅನ್ನುವ ಸಲಹೆ ಕೈಯಲ್ಲಿ ದುಡ್ಡಿರುವವರಿಗೆ ಮಾತ್ರ ಸರಿ. ಮತ್ತೆ ಕೊಳ್ಳುವುದು ಕಷ್ಟ ಅನ್ನುವ ಮನೆಯಲ್ಲಿ ಹಳೇ ತಂತಿ, ಮುರಿದ ಕುರ್ಚಿಯ ಕಾಲು, ಖಾಲಿ ಡಬ್ಬಿ ಎತ್ತಿಟ್ಟುಕೊಳ್ಳುವುದು ಬುದ್ಧಿವಂತಿಕೆಯೇ. ಅಂಥ ಮನೆಯವರಿಗೆ ನಾನು ಪಾಠ ಹೇಳಲು ಹೋಗುವುದಿಲ್ಲ. ಎಷ್ಟೋ ಸಲ ಅವರಿಂದಲೇ ಕಲಿತಿದ್ದೇನೆ.

ಸಾಮಾನು ಮೂಲೆಯಲ್ಲಿ ಅದರ ಪಾಡಿಗೆ ಇರುತ್ತೆ. ಅದರಿಂದ ನನಗೇನು ತೊಂದರೆ?

ಅದರ ಪಾಡಿಗೆ ಇರುವುದಿಲ್ಲ ಅನ್ನುವುದೇ ವಿಷಯ. ಪ್ರತಿ ವಸ್ತುವೂ ನಮಗೆ ಸಣ್ಣದೊಂದು ಕೆಲಸ ಹೇಳುತ್ತಿರುತ್ತದೆ. ನನ್ನ ಧೂಳು ಒರೆಸು. ನನ್ನನ್ನು ಸರಿಸಿ ಗುಡಿಸು. ನನ್ನ ಬ್ಯಾಟರಿ ಬದಲಿಸು. ನನ್ನನ್ನು ಕಲಿಯುತ್ತೇನೆ ಅಂತ ತಂದೆಯಲ್ಲ, ಯಾವಾಗ ಕಲಿಯುತ್ತೀಯ?

ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1845ರಿಂದ 1847ರವರೆಗೆ ಎರಡು ವರ್ಷ, ಎರಡು ತಿಂಗಳು, ಎರಡು ದಿನ ಕೊಳದ ಪಕ್ಕದ ಒಂದು ಪುಟ್ಟ ಗುಡಿಸಿಲಿನಲ್ಲಿ ಇದ್ದರು. ಅವರ ಮೇಜಿನ ಮೇಲೆ ಮೂರು ಸುಣ್ಣದ ಕಲ್ಲಿನ ತುಂಡುಗಳಿದ್ದವಂತೆ. ಚೆಂದಕ್ಕೆ ಇಟ್ಟುಕೊಂಡವು. ದಿನಾ ಅವುಗಳ ಧೂಳು ಒರೆಸಬೇಕು ಅಂತ ಗೊತ್ತಾದಾಗ ಗಾಬರಿಯಾಗಿ ಕಿಟಕಿಯಿಂದ ಎಸೆದರು. ತಲೆಯೊಳಗಿನ ಧೂಳನ್ನೇ ಇನ್ನೂ ಒರೆಸಿಲ್ಲ, ಇದನ್ನೆಲ್ಲಿ ಒರೆಸಲಿ ಅನ್ನುವುದು ಅವರ ಮಾತಿನ ಸಾರ. ಮೂರು ಕಲ್ಲಿಗೇ ಹೀಗಾದರೆ ನಮ್ಮ ಶೋಕೇಸುಗಳ ಕಥೆ ಏನು, ಯೋಚಿಸಿ.

ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಗಂಡ ಹೆಂಡತಿ ಇಬ್ಬರೂ ದುಡಿಯುವ ಕುಟುಂಬಗಳ ಮನೆಗಳಿಗೇ ಹೋಗಿ ಅಧ್ಯಯನ ಮಾಡಿದ್ದರು. ನಿಮ್ಮ ಮನೆಯನ್ನು ನೀವೇ ತೋರಿಸಿ ವಿವರಿಸಿ ಅಂತ ಆ ದಂಪತಿಗಳ ಕೈಗೆ ವಿಡಿಯೋ ಕ್ಯಾಮೆರಾ ಕೊಟ್ಟಿದ್ದರು. ಮನೆ ತುಂಬಾ ಹರಡಿಕೊಂಡಿದೆ, ಕೆಲಸ ಮುಗಿದೇ ಇಲ್ಲ ಅನ್ನುವ ರೀತಿ ಮಾತಾಡಿದ ಹೆಂಗಸರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಬೆಳಗಿನಿಂದ ಸಂಜೆಗೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಈ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಸಾಮಾನೇ ಇದಕ್ಕೆ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಸುಸ್ತಾದವರಿಗೆ ಮನೆ ಅಸ್ತವ್ಯಸ್ತವಾಗಿ ಕಾಣಿಸುವುದೂ ಉಂಟು. ಆದರೂ ಕೆಲಸ ಮುಗಿಸಿ ಬಂದು ಬಾಗಿಲು ತೆರೆದಾಗ ಎದುರಿಗೇ ರಾಶಿ ಕಂಡರೆ ಎದೆ ಹೇಗೆ ಭಾರವಾಗುತ್ತದೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ಎಲ್ಲಿಂದ ಶುರು ಮಾಡಲಿ?

ಒಂದು ಡ್ರಾಯರ್‌ನಿಂದ. ಇಡೀ ಮನೆ ಬೇಡ, ಇಡೀ ಕೋಣೆಯೂ ಬೇಡ. ಅಟ್ಟವಂತೂ ಬೇಡವೇ ಬೇಡ. ಅಟ್ಟದ ಸಾಮಾನನ್ನು ಕೆಳಗಿಳಿಸಿ ಹರವಿಕೊಂಡು, ಮಧ್ಯಾಹ್ನಕ್ಕೆ ಸುಸ್ತಾಗಿ, ಸಂಜೆ ಅಷ್ಟನ್ನೂ ಮತ್ತೆ ಮೇಲಕ್ಕೆ ತುರುಕಿದವರನ್ನು ತುಂಬಾ ಜನರನ್ನು ನೋಡಿದ್ದೇನೆ.

ನಾನು ಮೊದಲು ಖಾಲಿ ಮಾಡಿದ್ದು ಬಾಗಿಲ ಪಕ್ಕದ ಮೇಜಿನ ಡ್ರಾಯರ್. ಎಳೆದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಕೈ ಹಾಕಿ ಏನನ್ನೋ ಅದುಮಿ ಎಳೆಯಬೇಕಿತ್ತು. ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಬೋರಲು ಹಾಕಿದೆ. ಯಾವ ಬೀಗದ್ದೆಂದು ಗೊತ್ತಿಲ್ಲದ ಏಳು ಕೀಲಿಕೈ. ಮಾರಿ ಎಷ್ಟೋ ವರ್ಷವಾದ ಟಿವಿಯ ರಿಮೋಟು. ಇಂಕು ಒಣಗಿದ ಪೆನ್ನುಗಳು. ಮೂರು ಫೋನ್ ಚಾರ್ಜರು, ಆ ಫೋನುಗಳು ಮಾತ್ರ ಇಲ್ಲ. ಒಂದು ಗುಂಡಿ, ಅದರ ಅಂಗಿ ಇಲ್ಲ. ತಳದಲ್ಲಿ ಅಂಟಂಟಾದ ರಬ್ಬರ್ ಬ್ಯಾಂಡು. ಅದರ ಕೆಳಗೆ, ಆರು ತಿಂಗಳ ಹಿಂದೆ ಕಳೆದುಹೋಯಿತೆಂದು ಹೊಸದು ತಂದಿದ್ದ ಅಳತೆ ಟೇಪು.

ಆ ಡ್ರಾಯರ್‌ಗೆ ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಉಳಿದದ್ದು ಟೇಪು, ಕತ್ತರಿ, ಎರಡು ಬರೆಯುವ ಪೆನ್ನು, ಟಾರ್ಚು. ಮಾರನೇ ದಿನ ಎಳೆದಾಗ ಡ್ರಾಯರ್ ಸರಾಗವಾಗಿ ಬಂತು. ಸುಮ್ನೆ ನಾಲ್ಕು ಸಲ ಎಳೆದು ಮುಚ್ಚಿ ನೋಡಿದೆ. ಆ ಖುಷಿಯಲ್ಲೇ ಎರಡನೇ ಡ್ರಾಯರ್‌ಗೆ ಕೈ ಹಾಕಿದ್ದು.

ಹೀಗೆ ಶುರು ಮಾಡುವಾಗ ಮನಸ್ಸಿಗೆ ಅಂಟಿಕೊಳ್ಳದ ವಸ್ತುಗಳನ್ನೇ ಮೊದಲು ಆರಿಸಿ. ಒಣಗಿದ ಪೆನ್ನು ಬಿಸಾಡಲು ಯಾರೂ ಅಳುವುದಿಲ್ಲ. ಫೋಟೋ, ಪತ್ರ, ಮಕ್ಕಳ ಸಣ್ಣ ಬಟ್ಟೆ ಇವೆಲ್ಲ ಕಡೆಗೆ.

ದುಡ್ಡು ಕೊಟ್ಟು ತಂದದ್ದು. ಬಿಡೋಕೆ ಮನಸ್ಸೇ ಬರಲ್ಲ.

ಎಲ್ಲರಿಗೂ ಹೀಗೇ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು ಇದನ್ನು ಒಂದು ನಾಟಕಮಂದಿರದಲ್ಲಿ ಪರೀಕ್ಷಿಸಿದರು. ಇಡೀ ಸೀಸನ್ನಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ, ಅವರು ಕೇಳದೆಯೇ, ಬೆಲೆ ಇಳಿಸಿ ಕೊಟ್ಟರು. ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಜಾಸ್ತಿ ನಾಟಕಗಳಿಗೆ ಬಂದರು. ನಾಟಕಗಳು ಎಲ್ಲರಿಗೂ ಅವೇ. ಕೊಟ್ಟ ದುಡ್ಡು ಮಾತ್ರ ಬೇರೆ. ಅಂದರೆ ಖರ್ಚಾಗಿ ಹೋದ ದುಡ್ಡು ಆಮೇಲೂ ನಮ್ಮ ಕೈ ಹಿಡಿದು ಎಳೆಯುತ್ತಿರುತ್ತದೆ.

ಇನ್ನೊಂದೂ ಇದೆ. ನಮ್ಮದಾದ ಕೂಡಲೇ ವಸ್ತುವಿನ ಬೆಲೆ ನಮ್ಮ ಕಣ್ಣಲ್ಲಿ ಏರಿಬಿಡುತ್ತದೆ. 1990ರಲ್ಲಿ ಕಾನೆಮನ್, ನೆಟ್ಷ್, ಥೇಲರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟರು. ಮಗ್ ಸಿಕ್ಕವರು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಹೆಚ್ಚುಕಡಿಮೆ ಎರಡರಷ್ಟಿತ್ತು. ಕೈಗೆ ಬಂದು ಸ್ವಲ್ಪ ಹೊತ್ತಷ್ಟೇ ಆಗಿದ್ದ ಮಗ್ ಅದು.

ಅದಕ್ಕೇ ನಾನು ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳುತ್ತೇನೆ. ಇದು ನನ್ನ ಹತ್ತಿರ ಇಲ್ಲದೇ ಇದ್ದಿದ್ದರೆ ಇವತ್ತು ಹೋಗಿ ಕೊಳ್ಳುತ್ತಿದ್ದೆನಾ? ಉತ್ತರ ತಕ್ಷಣ ಬಂದುಬಿಡುತ್ತದೆ. ದುಡ್ಡು ಹೋದದ್ದು ಕೊಂಡ ದಿನ. ಕಪಾಟಿನಲ್ಲಿ ಇಟ್ಟುಕೊಂಡರೆ ಅದು ವಾಪಸು ಬರುವುದಿಲ್ಲ, ಜಾಗವೂ ಹೋಗುತ್ತದೆ.

'ಮುಂದೆ ಯಾವಾಗಲಾದರೂ ಬೇಕಾಗಬಹುದು' ಅನ್ನಿಸಿದರೆ?

ಒಂದು ರಟ್ಟಿನ ಡಬ್ಬಿಗೆ ಹಾಕಿ, ಟೇಪು ಅಂಟಿಸಿ, ಮೇಲೆ ತಾರೀಖು ಬರೆಯಿರಿ. ಒಳಗೇನಿದೆ ಅಂತ ಬರೆಯಬೇಡಿ. ಆರು ತಿಂಗಳು ಬಿಡಿ. ಅಷ್ಟರಲ್ಲಿ ಏನಾದರೂ ಬೇಕಾದರೆ ನೆನಪಾಗಿ ತೆಗೆಯುತ್ತೀರಿ. ಅದನ್ನು ಇಟ್ಟುಕೊಳ್ಳಿ. ಏನಿತ್ತು ಅನ್ನುವುದೇ ಮರೆತುಹೋಗಿದ್ದರೆ ಉಳಿದದ್ದನ್ನು ಕೊಟ್ಟುಬಿಡಿ.

ಇದಕ್ಕೆ ಹೊರತಾದವೂ ಇವೆ. ಬೆಂಕಿ ಆರಿಸುವ ಸಿಲಿಂಡರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟಾರ್ಚು ಇಂಥವು ಬಳಕೆಗೆ ಬರದೆ ಇರಲಿ ಅಂತಲೇ ಇಟ್ಟುಕೊಳ್ಳುವ ವಸ್ತುಗಳು. ಜನನ ಪತ್ರ, ಆಸ್ತಿ ಪತ್ರ, ಅಂಕಪಟ್ಟಿಗಳೂ ಹಾಗೆಯೇ. ಇವಕ್ಕೆ ಆರು ತಿಂಗಳ ನಿಯಮ ಅನ್ವಯಿಸಬೇಡಿ.

ಪುಸ್ತಕಗಳನ್ನು ಏನು ಮಾಡಲಿ? ಅವನ್ನು ಬಿಡಲು ನನಗೆ ಆಗುವುದೇ ಇಲ್ಲ.

ಹಾಗಾದರೆ ಬಿಡಬೇಡಿ.

ಇದು ನನ್ನ ಸ್ವಂತ ಉತ್ತರವಲ್ಲ. ಮೇಲೆ ಹೇಳಿದ ರಿಚರ್ಡ್ ಗ್ರೆಗ್ ಇದೇ ಪ್ರಶ್ನೆಯನ್ನು ಗಾಂಧೀಜಿಯ ಮುಂದಿಟ್ಟಿದ್ದರು. ಬೇರೆಲ್ಲ ಬಿಡುವುದು ಸುಲಭವಾಯಿತು, ಆದರೆ ಪುಸ್ತಕದ ಆಸೆ ಬಿಡಲಾಗುತ್ತಿಲ್ಲ ಅಂತ ಹೇಳಿಕೊಂಡರು. ಹಾಗಿದ್ದರೆ ಬಿಡಬೇಡಿ, ಯಾವುದರಿಂದ ನಿಮ್ಮ ಒಳಗಿಗೆ ಬಲ, ನೆಮ್ಮದಿ ಸಿಗುತ್ತದೋ ಅದನ್ನು ಇಟ್ಟುಕೊಳ್ಳಿ ಅಂದರು ಗಾಂಧೀಜಿ. ತ್ಯಾಗ ಮಾಡಬೇಕು ಅನ್ನುವ ಹಟದಿಂದ ಬಿಟ್ಟರೆ ಮನಸ್ಸು ಮತ್ತೆ ಮತ್ತೆ ಅದನ್ನೇ ಕೇಳುತ್ತದೆ, ಅದಕ್ಕಿಂತ ಹೆಚ್ಚು ಬೇಕಾದದ್ದು ಒಂದು ಸಿಕ್ಕಾಗ ಅದು ತಾನೇ ಕಳಚಿಕೊಳ್ಳುತ್ತದೆ ಅಂತ ವಿವರಿಸಿದರು. ತೀರಿಕೊಂಡಾಗ ಬೆರಳೆಣಿಕೆಯಷ್ಟು ವಸ್ತು ಬಿಟ್ಟುಹೋದ ಮನುಷ್ಯ ಇನ್ನೊಬ್ಬರಿಗೆ ಹೇಳಿದ ಮಾತು ಇದು. ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದ ಮಾತೂ ಇದೇ.

ಒಂದನ್ನು ಮಾತ್ರ ಸೇರಿಸುತ್ತೇನೆ. ಓದಿದ, ಓದುವ ಪುಸ್ತಕ ಬೇರೆ. 'ಇದನ್ನು ಓದುವಂಥ ಮನುಷ್ಯ ನಾನಾಗಬೇಕು' ಅಂತ ತಂದ ಪುಸ್ತಕ ಬೇರೆ. ಎರಡನೆಯದು ಪ್ರತಿ ಸಲ ಕಣ್ಣಿಗೆ ಬಿದ್ದಾಗಲೂ ಚುಚ್ಚುತ್ತದೆ. ಹಾಡಲು ಕಲಿಯುತ್ತೇನೆಂದು ತಂದ ಹಾರ್ಮೋನಿಯಂ, ಓಡುತ್ತೇನೆಂದು ತಂದ ಬೂಟು, ಚಿತ್ರ ಬರೆಯುತ್ತೇನೆಂದು ತಂದ ಬಣ್ಣ ಎಲ್ಲವೂ ಇದೇ ಜಾತಿ. ಅವನ್ನು ಕಲಿಯುವ ಆಸೆ ಇರುವ ಕೈಗೆ ಕೊಟ್ಟುನೋಡಿ. ಆ ಚುಚ್ಚುವಿಕೆ ಅವತ್ತೇ ನಿಲ್ಲುತ್ತದೆ.

ತೀರಿಹೋದವರ ವಸ್ತುಗಳನ್ನು ಹೇಗೆ ಬಿಡುವುದು?

ಅವಸರ ಮಾಡಬೇಡಿ. ನಮ್ಮ ಅಮ್ಮ ಹೋದ ಮೇಲೆ ಅವರ ಟ್ರಂಕನ್ನು ಎರಡು ವರ್ಷ ನಾನು ಮುಟ್ಟಲಿಲ್ಲ. ಕೋಣೆ ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದೆ. ತೆರೆದರೆ ಅವರ ವಾಸನೆ ಹೋಗಿಬಿಡುತ್ತದೆ ಅನ್ನುವ ಭಯ.

ಕೊನೆಗೊಂದು ದಿನ ಅಕ್ಕ ಬಂದಳು. ಇಬ್ಬರೂ ಕೂತು ತೆರೆದೆವು. ಬಟ್ಟೆ, ಶಾಲು, ಅಂಚು ಹರಿದ ಟವೆಲ್ಲು, ಒಂದು ಕನ್ನಡಕ. ಕನ್ನಡಕದ ಎಡಗಡೆಯ ಕಡ್ಡಿಗೆ ದಾರ ಸುತ್ತಿತ್ತು. ಸ್ಕ್ರೂ ಬಿದ್ದುಹೋಗಿದ್ದಕ್ಕೆ ಅಮ್ಮ ತಾನೇ ಸುತ್ತಿಕೊಂಡಿದ್ದು, ಕಪ್ಪು ದಾರ ಸಿಗದೆ ನೀಲಿ ದಾರ. ಅದನ್ನು ನೋಡಿ ಅಕ್ಕ ಅತ್ತಳು, ನಾನೂ ಅತ್ತೆ. ಆಮೇಲೆ ಒಂದೊಂದೇ ವಸ್ತು ಕೈಗೆತ್ತಿಕೊಂಡು ಅದರ ಕಥೆ ಹೇಳಿಕೊಂಡೆವು. ಕೆಲವಕ್ಕೆ ಕಥೆಯೇ ಇರಲಿಲ್ಲ. ಯಾರೋ ಕೊಟ್ಟದ್ದು, ಅಮ್ಮ ಉಟ್ಟೂ ಇರಲಿಲ್ಲ. ಅವನ್ನು ಬಿಡಲು ಕಷ್ಟವಾಗಲಿಲ್ಲ.

ಶಾಲು ಅಕ್ಕನ ಹತ್ತಿರ ಇದೆ, ಚಳಿ ಬಂದರೆ ಹೊದೆಯುತ್ತಾಳೆ. ಕನ್ನಡಕ ನನ್ನ ಮೇಜಿನ ಮೇಲಿದೆ. ಇಡೀ ಟ್ರಂಕು ಇದ್ದಾಗ ಅಮ್ಮನ ನೆನಪಿಗೆ ಹೆದರಿ ಸುತ್ತು ಹಾಕುತ್ತಿದ್ದೆ. ಈಗ ದಿನಾ ಆ ನೀಲಿ ದಾರ ನೋಡುತ್ತೇನೆ. ಹತ್ತು ವಸ್ತು ಮುಚ್ಚಿಟ್ಟು ಮರೆಯುವುದಕ್ಕಿಂತ ಒಂದು ವಸ್ತು ಕಣ್ಣೆದುರು ಇಟ್ಟುಕೊಳ್ಳುವುದು ಅವರಿಗೆ ಕೊಡುವ ಮರ್ಯಾದೆ ಅಂತ ನನಗನ್ನಿಸುತ್ತದೆ.

ಒಬ್ಬರೇ ಕೂತು ಈ ಕೆಲಸ ಮಾಡಬೇಡಿ. ಅವರನ್ನು ಬಲ್ಲ ಇನ್ನೊಬ್ಬರು ಜೊತೆಗಿರಲಿ.

ಉಡುಗೊರೆಯಾಗಿ ಬಂದದ್ದನ್ನು ಬೇರೆಯವರಿಗೆ ಕೊಟ್ಟರೆ ತಪ್ಪಾಗುತ್ತಾ?

ಕೊಟ್ಟವರು ಪ್ರೀತಿ ತೋರಿಸಿದರು, ನೀವು ಖುಷಿಯಿಂದ ತೆಗೆದುಕೊಂಡಿರಿ. ಉಡುಗೊರೆಯ ಕೆಲಸ ಅಲ್ಲಿಗೆ ಮುಗಿಯಿತು. ಕೊಡುವಾಗ ಮಾತ್ರ ಅವರ ಕಣ್ಣಿಗೆ ಬೀಳದ ಕಡೆ ಕೊಡಿ, ಸುಮ್ನೆ ಯಾರ ಮನಸ್ಸನ್ನೂ ನೋಯಿಸುವುದು ಬೇಡ.

ಮನೆಯವರು ಒಪ್ಪಲ್ಲ. ಏನು ಮಾಡಲಿ?

ಅವರ ಸಾಮಾನು ಮುಟ್ಟಬೇಡಿ. ಇದೊಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಇನ್ನೊಬ್ಬರು ಇಲ್ಲದ ಹೊತ್ತಲ್ಲಿ ಅವರ ವಸ್ತು ಹೊರಗೆ ಹಾಕಿದರೆ ಹೋಗುವುದು ವಸ್ತು ಮಾತ್ರ ಅಲ್ಲ, ನಂಬಿಕೆಯೂ ಹೋಗುತ್ತದೆ. ಆಮೇಲೆ ಅವರು ಒಂದು ಹಳೇ ಪೇಪರನ್ನೂ ಬಿಡುವುದಿಲ್ಲ.

ನಿಮ್ಮ ಬೀರು, ನಿಮ್ಮ ಮೇಜು, ನಿಮ್ಮ ಬಟ್ಟೆ ಇವಿಷ್ಟನ್ನು ನೋಡಿಕೊಳ್ಳಿ. ಉಪದೇಶ ಬೇಡ. ಬೆಳಿಗ್ಗೆ ಹೊರಡುವಾಗ ನಿಮಗೆ ಬೇಕಾದ್ದು ಒಂದೇ ಸಲಕ್ಕೆ ಕೈಗೆ ಸಿಗುವುದನ್ನು ಅವರೂ ನೋಡುತ್ತಿರುತ್ತಾರೆ. ನನ್ನ ಯಜಮಾನರು ಮೂರು ವರ್ಷ ಏನೂ ಹೇಳಲಿಲ್ಲ. ನಾಲ್ಕನೇ ವರ್ಷ ತಾವಾಗಿಯೇ ಒಂದು ಭಾನುವಾರ ತಮ್ಮ ಉಪಕರಣಗಳ ಪೆಟ್ಟಿಗೆ ಹರವಿಕೊಂಡು ಕೂತರು. ನಾನು ಪಕ್ಕದಲ್ಲಿ ಕೂತು, ಎತ್ತಿಕೊಟ್ಟದ್ದನ್ನು ಒರೆಸಿದೆ ಅಷ್ಟೇ. ಹೆಚ್ಚು ಇಟ್ಟುಕೊಂಡರು. ಪರವಾಗಿಲ್ಲ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಸಾಧ್ಯವಾ?

ಸಾಧ್ಯ, ಅದರಿಂದ ಮಕ್ಕಳಿಗೂ ಲಾಭವಿದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಆಡಲು ಬಿಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಆಡಿದರು, ಅದೇ ಆಟಿಕೆಯಲ್ಲಿ ಬೇರೆ ಬೇರೆ ಆಟ ಹುಡುಕಿಕೊಂಡರು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು.

ಬಿಸಾಡಬೇಕಿಲ್ಲ. ಮುಕ್ಕಾಲು ಪಾಲನ್ನು ಎತ್ತಿಟ್ಟು, ತಿಂಗಳಿಗೊಮ್ಮೆ ಅದಲು ಬದಲು ಮಾಡಿ. ಎತ್ತಿಟ್ಟದ್ದು ವಾಪಸು ಬಂದಾಗ ಮಕ್ಕಳಿಗೆ ಹೊಸದು ಬಂದಷ್ಟೇ ಸಂಭ್ರಮ. ಹಾಗೆಯೇ, ಕೊಡುವ ಆಟಿಕೆಯನ್ನು ಅವರೇ ಆರಿಸಲಿ. ಒಂದು ಕಣ್ಣು ಕಿತ್ತುಹೋದ ಗೊಂಬೆಯೇ ಬೇಕು ಅಂದರೆ ಅದೇ ಇರಲಿ.

ಬಟ್ಟೆ ಕಡಿಮೆ ಮಾಡಲು ಸುಲಭದ ದಾರಿ?

ಹ್ಯಾಂಗರುಗಳನ್ನೆಲ್ಲ ಉಲ್ಟಾ ತೂಗುಹಾಕಿ. ಹಾಕಿಕೊಂಡ ಬಟ್ಟೆ ಒಗೆದು ವಾಪಸು ಇಡುವಾಗ ಮಾತ್ರ ಸರಿಯಾಗಿ ತೂಗುಹಾಕಿ. ಎಲ್ಲ ಋತುಗಳೂ ಒಂದು ಸುತ್ತು ಮುಗಿದ ಮೇಲೆ ನೋಡಿ. ಇನ್ನೂ ಉಲ್ಟಾ ಇರುವವು ನೀವು ಮುಟ್ಟದವು.

ಹೊಸದು ಕೊಳ್ಳುವ ಮುಂಚೆ ನೆನಪಿಡಬೇಕಾದ ಒಂದು ಲೆಕ್ಕವೂ ಇದೆ. ಹತ್ತಿ ಬೆಳೆಯುವುದರಿಂದ ಹಿಡಿದು ಒಂದು ಟೀ ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕು ಅನ್ನುತ್ತದೆ ಒಂದು ಪ್ರಚಲಿತ ಅಂದಾಜು. ಬೆಳೆಯುವ ಜಾಗಕ್ಕೆ ತಕ್ಕಂತೆ ಇದು ಬದಲಾಗುತ್ತದೆ. ಹಾಗಂತ ಇರುವ ಬಟ್ಟೆ ಎಸೆದು 'ಪರಿಸರಸ್ನೇಹಿ' ಬಟ್ಟೆ ಕೊಳ್ಳಲು ಹೋಗಬೇಡಿ. ಈಗಾಗಲೇ ಬೀರುವಿನಲ್ಲಿರುವ ಅಂಗಿಯನ್ನು ಹರಿಯುವ ತನಕ ಹಾಕಿಕೊಳ್ಳುವುದೇ ಎಲ್ಲಕ್ಕಿಂತ ಮೇಲು.

ಖಾಲಿ ಮಾಡಿದ ಜಾಗ ವರ್ಷದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಯಾಕೆ ಹೀಗೆ?

ಹೊರಗೆ ಹಾಕುವುದು ಅರ್ಧ ಕೆಲಸ. ಒಳಗೆ ಬರುವುದನ್ನು ತಡೆಯುವುದು ಉಳಿದರ್ಧ, ಕಷ್ಟವಾದ ಅರ್ಧ.

ಫ್ರಾನ್ಸಿನ ಲೇಖಕ ಡೆನಿಸ್ ದಿದೆರೋ 1769ರಲ್ಲಿ ತಮ್ಮ ಹಳೇ ನಿಲುವಂಗಿಯ ಬಗ್ಗೆ ಬರೆದ ಒಂದು ಬರಹವಿದೆ. ಅವರಿಗೆ ಕಡುಗೆಂಪಿನ ಹೊಸ ನಿಲುವಂಗಿ ಬಂತು. ಅದರ ಎದುರು ಹುಲ್ಲಿನ ಕುರ್ಚಿ ಕಳಪೆಯಾಗಿ ಕಂಡಿತು, ಚರ್ಮದ ಕುರ್ಚಿ ಬಂತು. ಆಮೇಲೆ ಮೇಜು ಹಳತೆನಿಸಿತು, ಗೋಡೆಯ ಚಿತ್ರಗಳು ಹಳತೆನಿಸಿದವು. ಹಳೇ ನಿಲುವಂಗಿಗೆ ತಾನು ಒಡೆಯನಾಗಿದ್ದೆ, ಹೊಸದಕ್ಕೆ ಆಳಾದೆ ಅಂತ ಕೊರಗಿದರು. ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕನ್ 1988ರಲ್ಲಿ ಇದಕ್ಕೆ ದಿದೆರೋ ಪರಿಣಾಮ ಅಂತಲೇ ಹೆಸರಿಟ್ಟರು. ಹೊಸ ಸೋಫಾ ಬಂದ ಮೇಲೆ ಪರದೆ, ಪರದೆ ಬಂದ ಮೇಲೆ ಗೋಡೆಯ ಬಣ್ಣ. ಎಲ್ಲರ ಮನೆಯಲ್ಲೂ ನಡೆದದ್ದೇ.

ಅದೂ ಅಲ್ಲದೆ ಹೊಸದರ ಖುಷಿ ಬೇಗ ಇಳಿಯುತ್ತದೆ. ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲೇ ಇದರ ಬಗ್ಗೆ ಬರೆದರು. ಬಂದದ್ದಕ್ಕೆ ಮನಸ್ಸು ಒಗ್ಗಿಕೊಂಡು, ಮತ್ತೆ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ಆಗ ಇನ್ನೊಂದು ಬೇಕೆನಿಸುತ್ತದೆ.

ನಾನು ಮಾಡುವುದು ಇಷ್ಟು. ಬೇಕೆನಿಸಿದ್ದನ್ನು ಕೊಳ್ಳದೆ, ಒಂದು ಚೀಟಿಯಲ್ಲಿ ತಾರೀಖು ಸಮೇತ ಬರೆದಿಡುತ್ತೇನೆ. ಮೂವತ್ತು ದಿನ ಕಾಯುತ್ತೇನೆ. ನನ್ನ ಚೀಟಿಯಲ್ಲಿ ಗೀಟು ಎಳೆದು ಹೊಡೆದುಹಾಕಿದ ಸಾಲುಗಳೇ ಜಾಸ್ತಿ. ಕೆಲವನ್ನು ಯಾಕೆ ಬರೆದಿದ್ದೆ ಅಂತಲೇ ನೆನಪಿರುವುದಿಲ್ಲ. ಇನ್ನೊಂದು, ಫೋನಿನಲ್ಲಿ ಕೊಳ್ಳುವ ಆಪ್‌ಗಳಿಂದ ನನ್ನ ಕಾರ್ಡ್ ನಂಬರ್ ತೆಗೆದುಹಾಕಿದ್ದೇನೆ. ಎದ್ದು ಹೋಗಿ ಕಾರ್ಡ್ ಹುಡುಕಿ ತರುವಷ್ಟರಲ್ಲಿ ಅರ್ಧ ಆಸೆ ಇಳಿದಿರುತ್ತದೆ.

ಬೇಡವಾದದ್ದನ್ನೆಲ್ಲ ಏನು ಮಾಡಲಿ?

ಬಿಸಾಡುವುದು ಕಟ್ಟಕಡೆಯ ದಾರಿ. ಬಳಸಬಹುದಾದ್ದನ್ನು ಬಳಸುವವರಿಗೆ ಕೊಡಿ. ಕೊಡುವ ಮುಂಚೆ ಒಗೆಯಿರಿ, ಒರೆಸಿ, ಗುಂಡಿ ಹಾಕಿ, ಕೆಲಸ ಮಾಡುತ್ತದಾ ನೋಡಿ. ನಿಮ್ಮ ಆತ್ಮೀಯರಿಗೆ ಕೊಡಲು ನಾಚಿಕೆಯಾಗುವಂಥದ್ದನ್ನು ಇಲ್ಲದವರಿಗೂ ಕೊಡಬೇಡಿ. ನಮ್ಮ ಕಸವನ್ನು ದಾನ ಅಂತ ಇನ್ನೊಬ್ಬರ ತಲೆಗೆ ಕಟ್ಟಬಾರದು.

ಹಳೇ ಫೋನು, ವೈರು, ಬ್ಯಾಟರಿಗಳ ಬಗ್ಗೆ ಹುಷಾರು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ಎಲೆಕ್ಟ್ರಾನಿಕ್ ಕಸ ಬಿತ್ತು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದೆಂದು ದಾಖಲಾದದ್ದು ಶೇಕಡ 22.3 ಮಾತ್ರ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯ ಕಸಕ್ಕೆ ಹಾಕಿದರೆ ಜಜ್ಜಿಹೋಗಿ ಬೆಂಕಿ ಹತ್ತಿಕೊಳ್ಳಬಹುದು. ಇವನ್ನು ತೆಗೆದುಕೊಳ್ಳುವ ಕೇಂದ್ರಗಳಿಗೇ ಮುಟ್ಟಿಸಿ. ಫೋನು ಕೊಡುವ ಮುಂಚೆ ಅದರೊಳಗಿನ ನಿಮ್ಮ ಮಾಹಿತಿ ಅಳಿಸಿ.

ಇನ್ನು ಮುಂದೆ ಎಲ್ಲವನ್ನೂ ದುಬಾರಿಯದ್ದೇ ತರಬೇಕಾ?

ಬೇಡ. ರಿಪೇರಿ ಆಗುವಂಥದ್ದನ್ನು ತನ್ನಿ. ಅಂಟು ಹಾಕಿ ಮುಚ್ಚಿದ್ದಕ್ಕಿಂತ ಸ್ಕ್ರೂ ಹಾಕಿ ಮುಚ್ಚಿದ್ದು ವಾಸಿ. ಎರವಲು ಸಿಗುವುದಾದರೆ ತರಲೂ ಬೇಡಿ. ವರ್ಷಕ್ಕೆ ಎರಡು ಸಲ ಬೇಕಾಗುವ ಏಣಿ, ಡ್ರಿಲ್ಲಿಂಗ್ ಮಿಷನ್ ಅಕ್ಕಪಕ್ಕದ ನಾಲ್ಕು ಮನೆಗೆ ಸೇರಿ ಒಂದೊಂದಿದ್ದರೆ ಸಾಕಲ್ವಾ? ಕೇಳುವ ನೆಪದಲ್ಲಿ ನಾಲ್ಕು ಮಾತೂ ಆಗುತ್ತದೆ.

ಫೋನಿನಲ್ಲಿ ತುಂಬಿರುವ ಫೋಟೋ, ಆಪ್‌ಗಳು?

ಅವೂ ಸಾಮಾನೇ. ಮೊದಲು ನೋಟಿಫಿಕೇಶನ್ ನಿಲ್ಲಿಸಿ. ಅಳಿಸುವ ಕೆಲಸ ನಿಧಾನಕ್ಕೆ ಮಾಡಬಹುದು.

ಸಾಮಾನು ಕಡಿಮೆಯಾದರೆ ಬದುಕಿಗೆ ಅರ್ಥ ಬಂದುಬಿಡುತ್ತಾ?

ತಾನಾಗಿ ಬರುವುದಿಲ್ಲ. ಮೊದಲ ವರ್ಷ ನನಗೆ ಮನೆ ಖಾಲಿಯಾದ ಖುಷಿ ಇತ್ತು. ಆಮೇಲೆ ಸಂಜೆ ಹೊತ್ತು ಏನು ಮಾಡಬೇಕೆಂದೇ ಗೊತ್ತಾಗುತ್ತಿರಲಿಲ್ಲ. ಜೋಡಿಸುವ, ಹುಡುಕುವ, ಕೊಳ್ಳುವ ಕೆಲಸದಲ್ಲಿ ಕಳೆಯುತ್ತಿದ್ದ ಹೊತ್ತು ಹಾಗೇ ಉಳಿದುಬಿಟ್ಟಿತ್ತು. ಆ ಹೊತ್ತಿಗೆ ಏನು ತುಂಬುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಾನು ಅಕ್ಕನ ಜೊತೆ ನಡೆಯಲು ಹೋಗುವುದನ್ನು ರೂಢಿ ಮಾಡಿಕೊಂಡೆ. ಮೊದಲು ವಾರಕ್ಕೊಮ್ಮೆ, ಈಗ ಹೆಚ್ಚುಕಡಿಮೆ ದಿನಾ. ವ್ಯಾನ್ ಬೋವನ್ ಮತ್ತು ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಹೆಚ್ಚಿನ ಜನ, ವಸ್ತು ಕೊಂಡದ್ದಕ್ಕಿಂತ ಅನುಭವಕ್ಕೆ ಖರ್ಚು ಮಾಡಿದ್ದು ಹೆಚ್ಚು ಖುಷಿ ಕೊಟ್ಟಿತು ಅಂದಿದ್ದರು. ಪ್ರವಾಸ, ಸಂಗೀತ ಕಛೇರಿ, ಊಟಕ್ಕೆ ಹೊರಗೆ ಹೋದದ್ದು ಇಂಥವು. ನಮ್ಮ ನಡಿಗೆಗೆ ಖರ್ಚೇ ಇಲ್ಲ. ಆದರೆ ಅಕ್ಕ ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾಳೆ ಅನ್ನುವುದು ನನ್ನ ಗಮನಕ್ಕೆ ಬಂದದ್ದು ಆ ದಾರಿಯಲ್ಲೇ. ಅಷ್ಟು ವರ್ಷ ಅವಳ ಜೊತೆ ಅಷ್ಟು ಹೊತ್ತು ನಾನು ನಡೆದೇ ಇರಲಿಲ್ಲ.

ಮನೆಯಲ್ಲಿ ಓಡಾಡಲೂ ಜಾಗವಿಲ್ಲ, ಆದರೂ ಒಂದೂ ಬಿಡಲಾಗುತ್ತಿಲ್ಲ. ಇದು ಸೋಮಾರಿತನಾನಾ?

ಖಂಡಿತ ಅಲ್ಲ. ಹಾಸಿಗೆಯ ಮೇಲೆ ಮಲಗಲಾಗದಷ್ಟು, ಒಲೆ ಹಚ್ಚಲಾಗದಷ್ಟು ಸಾಮಾನು ತುಂಬಿದ್ದು, ಒಂದೊಂದು ಬಿಡುವಾಗಲೂ ತಡೆಯಲಾಗದ ಸಂಕಟ ಆಗುತ್ತಿದ್ದರೆ ಅದು ಕಾಯಿಲೆ ಇರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಗುರುತಿಸಿತು, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇದೆ. ಯೋಚನೆ ಮತ್ತು ನಡವಳಿಕೆಯನ್ನು ಸ್ವಲ್ಪ ಸ್ವಲ್ಪವೇ ತಿದ್ದುವ ಮಾತಿನ ಚಿಕಿತ್ಸೆಯಿಂದ ಉಪಯೋಗವಾಗುತ್ತದೆ. ಮನೋವೈದ್ಯರನ್ನು ಕಾಣಿ.

ನಿಮ್ಮ ಮನೆಯ ಹಿರಿಯರೊಬ್ಬರು ಹೀಗಿದ್ದರೆ, ಅವರು ಊರಲ್ಲಿಲ್ಲದಾಗ ಖಾಲಿ ಮಾಡಿಸಿಬಿಡಬೇಡಿ. ಅವರಿಗೆ ಅದು ದೊಡ್ಡ ಆಘಾತ. ಸಾಮಾನೂ ಮತ್ತೆ ಸೇರುತ್ತದೆ. ನಡೆಯುವ ದಾರಿ, ಬಾಗಿಲು, ಒಲೆಯ ಸುತ್ತಲಿನ ಜಾಗ ಇವಿಷ್ಟು ಸುರಕ್ಷಿತವಾಗಿರಲಿ ಅಂತ ಕೇಳಿಕೊಳ್ಳಿ. ಅಲ್ಲಿಂದ ಶುರುವಾಗಲಿ.

ಕೊಟ್ಟ ಮೇಲೆ ಪಶ್ಚಾತ್ತಾಪವಾದರೆ?

ಹೆಚ್ಚಿನವಕ್ಕೆ ಆಗುವುದಿಲ್ಲ. ನಾನು ಒಂದು ಸಣ್ಣ ಸ್ಕ್ರೂಡ್ರೈವರ್ ಸೆಟ್ ಕೊಟ್ಟು, ಮೂರು ತಿಂಗಳಿಗೆ ಮತ್ತೆ ತಂದೆ. ಅದೇನು ದೊಡ್ಡ ನಷ್ಟವಲ್ಲ.

ಒಂದಕ್ಕೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಶುರುವಿನ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಖಾಲಿ ಮಾಡುವ ಭರದಲ್ಲಿದ್ದೆ. ಹಾಸ್ಟೆಲಿನ ದಿನಗಳಲ್ಲಿ ಗೆಳತಿಯೊಬ್ಬಳು ಬರೆದ ಪತ್ರಗಳ ಒಂದು ಕಟ್ಟು ಇತ್ತು. ಹತ್ತು ವರ್ಷದಿಂದ ಬಿಚ್ಚಿರಲಿಲ್ಲ. ಬಿಚ್ಚದ ವಸ್ತು ಬೇಡದ ವಸ್ತು ಅಂತ ನನ್ನದೇ ನಿಯಮ ಹಚ್ಚಿ, ಹರಿದು ಹಾಕಿದೆ. ಎರಡು ವರ್ಷದ ನಂತರ ಅವಳ ಮಗಳು ಬಂದು, 'ಅಮ್ಮ ನಿಮಗೆ ಬರೆದ ಪತ್ರ ಏನಾದರೂ ಇದೆಯಾ ಆಂಟಿ? ನನ್ನ ಹತ್ತಿರ ಅವರ ಕೈಬರಹ ಒಂದೂ ಇಲ್ಲ' ಅಂತ ಕೇಳಿದಳು. ಅವಳ ಮುಖ ನೋಡಿ ಇಲ್ಲ ಅನ್ನಬೇಕಾಯಿತು.

ಕೈಬರಹ ಇರುವ ಯಾವ ಕಾಗದವನ್ನೂ ಮೊದಲ ವರ್ಷ ಮುಟ್ಟಬೇಡಿ. ಎರಡನೇ ವರ್ಷ ಕೂತು ಓದಿ. ಬಿಡಲೇಬೇಕು ಅನ್ನಿಸಿದರೆ, ಬರೆದವರ ಮನೆಯವರಿಗೆ ಬೇಕಾ ಅಂತ ಒಂದು ಮಾತು ಕೇಳಿ.